ಪಿಳ್ಳಪ್ಪ ಮೇಸ್ತ್ರಿಯ ಒಂದನೇ ಲೆವೆಲ್

ಪಿಳ್ಳಪ್ಪ ಮೇಸ್ತ್ರಿಯನ್ನು ಹೊಗಳಿದವರು ಬೈಸಿಕೊಳ್ಳದೆ ಪಾರಾಗುತ್ತಿರಲಿಲ್ಲ. ಚಿನ್ನದ ಗಣಿಗಳ ಕಡೆ ಹೋಗುವ ಮಾರಿಕುಪ್ಪಂ ರೈಲಿನಲ್ಲಿ ಒಮ್ಮೆ ಟೀ ಪುಡಿ ಮಾರುವವರೊಬ್ಬರು, ಪಾಪ, ಮೇಸ್ತ್ರಿ ಕೊಟ್ಟ ಮರದ ಪೆಟ್ಟಿಗೆಯನ್ನು ಎರಡು ನಿಮಿಷ ಹಾಗೆ ಹೀಗೆ ತಿರುಗಿಸಿ, "ತುಂಬಾ ಚೆನ್ನಾಗಿದೆ ಮೇಸ್ತ್ರಿ" ಎಂದು ವಾಪಸು ಕೊಟ್ಟರು. ಮೇಸ್ತ್ರಿ ಮುಖ ಗಂಟಿಕ್ಕಿದರು.

"ಚೆನ್ನಾಗೈತೆ ಅನ್ನೋಕೆ ಇದೇನ್ ನಮ್ಮನೆ ಮದ್ವೆ ಊಟಾನಾ ಸ್ವಾಮಿ? ನಿಮ್ ಕೈ ಎಲ್ಲಿ ನಿಂತೋಯ್ತು, ಅದ್ನ ಯೋಳಿ."

ಮೇಸ್ತ್ರಿ ಬೂದಿಕೋಟೆ ಪಕ್ಕದ ಹಳ್ಳಿಯವರು. ದಿನಾ ಬಸ್ಸಿನಲ್ಲಿ ಬಂಗಾರಪೇಟೆಗೆ ಬಂದು, ಅಲ್ಲಿಂದ ರೈಲು ಹಿಡಿದು, ಚಾಂಪಿಯನ್ ರೀಫ್ಸ್‌ನಲ್ಲಿ ಗಣಿಯ ಮರಗೆಲಸದ ಶೆಡ್ಡಿಗೆ ಹೋಗುತ್ತಿದ್ದರು. ನಾನು ಬಂಗಾರಪೇಟೆಯವಳು, ಕೆಜಿಎಫ್‌ನ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆ. ಅದೇ ರೈಲು, ಅದೇ ಬೋಗಿ. ಕಿವಿಯ ಮೇಲೆ ಚಪ್ಪಟೆ ಪೆನ್ಸಿಲು, ಕಾಕಿ ಅಂಗಿಯ ಮಡಿಕೆಗಳಲ್ಲೆಲ್ಲ ಮರದ ಹೊಟ್ಟು, ಪಕ್ಕದಲ್ಲಿ ಕುಳಿತರೆ ಹಸಿ ಮರದ ವಾಸನೆ. ನೋಡುವುದಕ್ಕೆ ಅವರಲ್ಲಿ ವಿಶೇಷ ಏನೂ ಇರಲಿಲ್ಲ. ವಿಶೇಷ ಇದ್ದದ್ದು ಅವರ ಕೈಚೀಲದಲ್ಲಿ.

ಊಟದ ಡಬ್ಬಿಯ ಮುಚ್ಚಳದಷ್ಟು ಅಗಲ, ಎರಡು ಬೆರಳು ದಪ್ಪದ ಪೆಟ್ಟಿಗೆ ಅದು. ಮೈಮೇಲೆ ಅಡ್ಡಡ್ಡ, ಉದ್ದುದ್ದ ಕೊರೆದ ಸಣ್ಣ ಕಾಲುವೆಗಳು. ಕಾಲುವೆಗಳೊಳಗೆ ಜಾರುವ ಏಳು ಸಣ್ಣ ಗೂಟಗಳು. ಏಳನ್ನೂ ತಳದಿಂದ ತುದಿಗೆ ತರಬೇಕು. ಒಂದು ಹೋದರೆ ಇನ್ನೊಂದಕ್ಕೆ ದಾರಿ ಕಟ್ಟುತ್ತದೆ. ತುದಿಗೆ ತಂದ ಮೇಲೆ ಪೆಟ್ಟಿಗೆಯ ಬಾಯಿ ಮುಚ್ಚಿರುವ ಒಂದು ಮರದ ತುಂಡನ್ನು ತೆಗೆದರೆ ಏಳೂ ಅಂಗೈಗೆ ಬೀಳುತ್ತವೆ. ಆಟದ ನಿಯಮವನ್ನು ಮೇಸ್ತ್ರಿ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು: "ಗಣಿ ಒಳಗೆ ಏಳ್ ಜನ ಅವ್ರೆ. ಎಲ್ರೂ ಈಚೆಗೆ ಬರ್ಬೇಕು."

"ಇದು ಬರೀ ಸ್ಯಾಂಪಲ್ಲು, ಒಂದನೇ ಲೆವೆಲ್ಲು" ಎಂದೂ ಸೇರಿಸುತ್ತಿದ್ದರು. ಗಣಿಯ ಆಳವನ್ನು ಲೆವೆಲ್ ಲೆಕ್ಕದಲ್ಲಿ ಹೇಳುವ ಊರು ನಮ್ಮದು. ಅವರ ತಲೆಯಲ್ಲಿ ಇಂಥ ಏಳು ಲೆವೆಲ್ ಇದ್ದವು, ಒಂದಕ್ಕಿಂತ ಒಂದು ಆಳ. ಮೊದಲನೆಯದನ್ನು ಜನರ ಕೈಗೆ ಕೊಟ್ಟು ನೋಡಿದ ಮೇಲೆಯೇ ಮುಂದಿನದು.

ಕೊಟ್ಟು ನೋಡುವುದು ಎಂದರೆ ನಿಜವಾಗಿಯೂ ನೋಡುವುದು. ಬಂಗಾರಪೇಟೆಯಲ್ಲಿ ರೈಲು ಹೊರಡುತ್ತಿದ್ದಂತೆ ಯಾರಾದರೂ ಒಬ್ಬರ ಕೈಗೆ ಪೆಟ್ಟಿಗೆ ಕೊಟ್ಟು, ಎದುರಿಗೆ ಕುಳಿತು, ಅವರ ಕೈಯನ್ನೇ ನೋಡುತ್ತಿದ್ದರು. ಮುಖ ನೋಡುತ್ತಿರಲಿಲ್ಲ. ಕೈ ತಡೆದ ಕಡೆ ಒಂದು ಪ್ಲೈವುಡ್ ಚೂರಿನ ಮೇಲೆ ಗೀಟು ಎಳೆಯುವರು. ಆಡುವವರು ಬೈದರೆ ಚುಕ್ಕಿ. ನಮ್ಮ ರೈಲಿನಲ್ಲಿ ಮಾತು ಯಾವ ಭಾಷೆಯಲ್ಲಾದರೂ ನಡೆಯುತ್ತಿತ್ತು. ಬೈಗುಳ ಮಾತ್ರ ಹೆತ್ತ ತಾಯಿಯ ಭಾಷೆಯಲ್ಲೇ ಬರುತ್ತಿತ್ತು. "ಅಯ್ಯೋ ಸನಿಯನೇ" ಎಂದು ತಮಿಳಿನಲ್ಲಿ, "ನೀ ಯಬ್ಬ" ಎಂದು ತೆಲುಗಿನಲ್ಲಿ, "ಇದ್ರ ಮನೆ ಆಳಾಗ" ಎಂದು ಕನ್ನಡದಲ್ಲಿ. ಒಂದೊಂದು ಬೈಗುಳಕ್ಕೂ ಮೇಸ್ತ್ರಿಯ ಮುಖ ಅರಳುತ್ತಿತ್ತು.

"ಬೈದೋನು ಬಿಡಲ್ಲ ಕಣಮ್ಮ. ಚೆನ್ನಾಗೈತೆ ಅಂದೋನು ಆಗ್ಲೇ ಬಿಟ್ಟಿರ್ತಾನೆ."

ಇದಕ್ಕೇನು ಪುರಾವೆ ಎಂದು ನಾನು ಕೇಳಿದೆ. ಆ ಕಾಲದಲ್ಲಿ ನಾನು ಎಲ್ಲಕ್ಕೂ ಪುರಾವೆ ಕೇಳುತ್ತಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ, ಗಂಟೆ ಹೊಡೆಯುವುದರೊಳಗೆ ಎದುರಾಳಿಯನ್ನು ಕೂರಿಸಿಬಿಡುತ್ತಿದ್ದೆ. ಮೇಸ್ತ್ರಿ ನನಗೆ ಇಟ್ಟ ಹೆಸರು ಲಾಯರಮ್ಮ.

ಒಂದು ದಿನ ನಾನೇ ಕೆಣಕಿದೆ. "ಏನ್ ಮೇಸ್ತ್ರಿ, ಆಟ ಆಡೋ ವಯಸ್ಸಾ ನಿಮ್ಮದು? ಯಾಕೆ ಈ ಹಟ?"

ಅವರು ಕಿಟಕಿಯಾಚೆ, ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬಗಳ ಕಡೆ ತಿರುಗಿದರು. ಶೆಡ್ಡಿನಲ್ಲಿ ಅವರ ಕೆಲಸ, ಸುರಂಗದ ಮೇಲ್ಚಾವಣಿ ಕುಸಿಯದಂತೆ ಆನಿಸುವ ಮರದ ಕಂಬಗಳನ್ನು ಕೊಯ್ದು ಕೆತ್ತಿ ಕೆಳಕ್ಕೆ ಕಳಿಸುವುದು.

"ಇಪ್ಪತ್ತೆರಡು ವರ್ಸ ಆಯ್ತು. ನಾನು ಮಾಡಿದ್ದೆಲ್ಲ ಕೆಳಕ್ಕೆ ಓಯ್ತು. ಒಂದೂ ಮೇಲಕ್ಕೆ ಬರ್ನಿಲ್ಲ, ಯಾರೂ ನೋಡ್ನಿಲ್ಲ. ನಾನು ಮಾಡಿದ್ದು ಅಂತ ಒಂದಾದ್ರೂ ಮೇಲ್ಗಡೆ, ನಾಕು ಜನರ ಕೈಯಾಗೆ ಓಡಾಡ್ಲಿ ಅಂತ."

ಆ ಮಾತಿಗೂ ಒಂದು ಪ್ರತಿವಾದ ಸಿಕ್ಕಿದ್ದರೆ ಹೇಳಿಬಿಡುತ್ತಿದ್ದೆ, ಅಷ್ಟು ನಿರ್ದಯಿ ನಾನು.

ಕೊನೆಗೆ ಪೆಟ್ಟಿಗೆ ನನ್ನ ಕೈಗೂ ಬಂತು. ಏಳು ಜನರನ್ನು ತುದಿಗೆ ತರುವುದು ಮೂರು ದಿನದಲ್ಲಿ ಆಯಿತು. ಆದರೆ ಬಾಯಿಯ ತುಂಡು ಜಪ್ಪಯ್ಯ ಎನ್ನಲಿಲ್ಲ. ಎಳೆದೆ, ಉಗುರಿನಿಂದ ಮೀಟಿದೆ, ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ಕುಟ್ಟಿದೆ. ಒಂದು ವಾರ ಇದೇ ಪಾಡು. ಎಂಟನೆಯ ದಿನ ಪೆಟ್ಟಿಗೆಯನ್ನು ಸೀಟಿನ ಮೇಲಿಟ್ಟು ಎದ್ದು ನಿಂತೆ. ಬೋಗಿಯಲ್ಲಿ ಕೇಳುವವರಿದ್ದರು ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

"ಮೇಸ್ತ್ರಿ, ಒಗಟು ಅಂದ್ರೆ ಉತ್ತರ ಒಗಟಿನೊಳಗೇ ಇರಬೇಕು. ಏಳು ಜನರನ್ನ ಮೇಲೆ ತರೋದು ಒಗಟು, ಒಪ್ತೀನಿ. ಯೋಚಿಸಿದರೆ ಬರುತ್ತೆ. ಈ ತುಂಡು ಹಾಗಲ್ಲ. ಗೊತ್ತಿದ್ದೋರಿಗೆ ಗೊತ್ತು, ಇಲ್ಲದೋರಿಗೆ ಇಲ್ಲ. ಇದು ಒಗಟಲ್ಲ, ಗುಟ್ಟು. ಗುಟ್ಟನ್ನ ಒಗಟು ಅಂತ ಕೊಡೋದು ಆಡೋರಿಗೆ ಮಾಡೋ ಮೋಸ."

ಯಾರೋ "ಶಹಬ್ಬಾಸ್" ಎಂದರು. ಮೇಸ್ತ್ರಿ ಪ್ಲೈವುಡ್ ಚೂರನ್ನು ತಿರುಗಿಸಿ ನೋಡಿಕೊಂಡರು.

"ಮೂರ್ ಜನ ತೆಗ್ದವ್ರಲ್ಲಮ್ಮ. ಕ್ಯಾಸಂಬಳ್ಳಿ ಕಡೆ ಸೊಪ್ಪಿನ ಎಂಗ್ಸು, ಆಲಿನ ಕ್ಯಾನ್ ತರೋನು, ಆಮೇಲೆ ಆ ಕುರಿ ಯಾಪಾರದ ತಾತ."

"ಇಪ್ಪತ್ತು ಜನರಲ್ಲಿ ಮೂರು! ಅದು ಅದೃಷ್ಟ ಮೇಸ್ತ್ರಿ. ಅದೃಷ್ಟ ಪುರಾವೆಯಾಗಲ್ಲ."

ಅವರು ಚೂರನ್ನು ಚೀಲಕ್ಕೆ ಹಾಕಿಕೊಂಡರು. ನಾನು ಗೆದ್ದೆ ಎಂದುಕೊಂಡು ನನ್ನ ನಿಲ್ದಾಣದಲ್ಲಿ ಇಳಿದುಹೋದೆ. ನನ್ನ ಕೈಯಲ್ಲಿ ಆಗದ್ದನ್ನು ಒಂದು ತತ್ವವನ್ನಾಗಿ ಮಾಡಿಬಿಟ್ಟಿದ್ದೆ ಎಂಬುದು ಆಗ ನನಗೆ ಹೊಳೆದಿರಲಿಲ್ಲ. ಚರ್ಚೆಯ ತರಬೇತಿಯಲ್ಲಿ ಅದನ್ನು ಕಲಿಸುವುದೂ ಇಲ್ಲ.

ಹದಿನೈದು ದಿನ ಬಿಟ್ಟು ಮೇಸ್ತ್ರಿ ಹೊಸ ಪೆಟ್ಟಿಗೆಗಳನ್ನು ತಂದರು, ಒಟ್ಟು ಹತ್ತು. ಬಾಯಿಯ ತುಂಡು ಈಗ ಎಳೆದರೆ ಸಲೀಸಾಗಿ ಬರುತ್ತಿತ್ತು. "ನೀನ್ ಯೋಳ್ದಂಗೇ ಮಾಡಿವ್ನಿ, ನೋಡು" ಎಂದರು. ನಾನು ಹಿಗ್ಗಿದೆ. ಹಿಗ್ಗಿದ್ದಷ್ಟೇ ಅಲ್ಲ, ಮುಂದಿನ ಉಸ್ತುವಾರಿಯನ್ನೂ ವಹಿಸಿಕೊಂಡೆ. ಬಂಗಾರಪೇಟೆ ಬಜಾರಿನ ಪುಸ್ತಕದಂಗಡಿ ಶೆಟ್ಟರನ್ನು ಒಪ್ಪಿಸಿ, ಹತ್ತನ್ನೂ ಅಲ್ಲಿ ಇಡಿಸಿದೆ. ಬೇಕಾದವರು ಎರಡು ದಿನಕ್ಕೆ ಮನೆಗೆ ಒಯ್ಯಬಹುದು, ವಾಪಸು ಕೊಡುವಾಗ ಅಲ್ಲಿ ದಾರ ಕಟ್ಟಿ ತೂಗುಹಾಕಿದ ನೋಟುಪುಸ್ತಕದಲ್ಲಿ ಅಭಿಪ್ರಾಯ ಬರೆಯಬೇಕು. ಪುಸ್ತಕದ ಯೋಜನೆ ನನ್ನದು. ಅಭಿಪ್ರಾಯ ಎಂದರೆ ಬರವಣಿಗೆಯಲ್ಲಿರಬೇಕು ಎಂದು ನನ್ನ ವಾದ.

ಮೇಸ್ತ್ರಿಗೆ ಓದಲು ಬರುತ್ತಿರಲಿಲ್ಲ. ತಿಂಗಳಾದ ಮೇಲೆ, ಸಂಜೆಯ ರೈಲಿನಲ್ಲಿ ನಾನೇ ಆ ಪುಸ್ತಕವನ್ನು ಅವರಿಗೆ ಓದಿ ಹೇಳಿದೆ.

"ಬಹಳ ಚೆನ್ನಾಗಿದೆ." "ಮಕ್ಕಳಿಗೆ ಉಪಯುಕ್ತ." "ಉತ್ತಮ ಪ್ರಯತ್ನ, ಶುಭವಾಗಲಿ." "ಬಣ್ಣ ಹಚ್ಚಿದರೆ ಇನ್ನೂ ಚೆಂದ." "ಚೆನ್ನಾಗಿದೆ." "ಚೆನ್ನಾಗಿದೆ."

ಮೂರನೆಯ ಪುಟಕ್ಕೆ ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣದಾಗಿತ್ತು.

"ಸಾಕು ಬಿಡಮ್ಮ" ಎಂದರು. "ಯಾರಾದ್ರೂ ಎರಡ್ನೇ ಸಲ ತಕೊಂಡೋದ್ರಾ?"

"ಇಲ್ಲ."

"ಊಂ." ಚೀಲದ ಬಾಯಿ ಕಟ್ಟಿದರು. "ನೀನ್ ಅವತ್ತು ಮಾತಾಡ್ತಾ ಇದ್ದಾಗ ನಿನ್ ಕೈ ಬ್ಯಾರೇನೇ ಯೋಳ್ತಿತ್ತು ಕಣಮ್ಮ. ಸೋತಿರೋ ಕೈ ನಂಗೆ ಗೊತ್ತಾಗಲ್ವಾ? ಆದ್ರೂ ನಿನ್ ಬಾಯ್ ನಂಬ್ದೆ. ಓದ್ದೋರು ಅಲ್ವಾ, ಸರೀಗೇ ಯೋಳ್ತಾರೆ ಅಂತ."

ಬೈದಿದ್ದರೆ ತಿರುಗಿಸಿ ಏನಾದರೂ ಅನ್ನಬಹುದಿತ್ತು. ಅವರ ಮಾತಿನಲ್ಲಿ ಕೋಪವೇ ಇರಲಿಲ್ಲ. ಬಂಗಾರಪೇಟೆಯಲ್ಲಿ ಇಳಿದು, "ಪರೀಕ್ಷೆ ಚೆನ್ನಾಗ್ ಬರಿ ಲಾಯರಮ್ಮ" ಎಂದು ಬೂದಿಕೋಟೆ ಬಸ್ಸಿನ ಕಡೆ ನಡೆದರು. ಕಾಲೇಜು ಮುಗಿಯಿತು, ನನ್ನ ರೈಲೂ ನಿಂತಿತು. ಮತ್ತೆ ಅವರನ್ನು ನೋಡಲಿಲ್ಲ. ಅಂಗಡಿಯಿಂದ ಹತ್ತು ಪೆಟ್ಟಿಗೆಗಳನ್ನೂ ಅವರೇ ಬಂದು ಒಯ್ದರು ಎಂದು ಶೆಟ್ಟರು ಹೇಳಿದರು, ಅಷ್ಟೆ.

ಕೆಲವು ವರ್ಷಗಳ ಮೇಲೆ, ಲಾಯರಾಗದೆ ಶಾಲೆಯ ಟೀಚರಾಗಿ, ಮತದಾರರ ಪಟ್ಟಿ ಹಿಡಿದು ಮನೆಮನೆ ಸುತ್ತುವ ಕೆಲಸಕ್ಕೆ ನಾನು ಅವರ ಹಳ್ಳಿಗೆ ಹೋದೆ. ಪಟ್ಟಿಯಲ್ಲಿ ಪಿಳ್ಳಪ್ಪ ಎಂಬ ಹೆಸರು ಕಂಡಾಗ ಬೇಕೆಂದೇ ಆ ಮನೆಯನ್ನು ಕೊನೆಗೆ ಇಟ್ಟುಕೊಂಡೆ. ಬಾಗಿಲಲ್ಲಿ ಅವರ ಹೆಂಡತಿ ಮುನಿಯಮ್ಮ ನಿಂತಿದ್ದರು.

"ಅವರಿಲ್ಲ ಕಣಮ್ಮ. ಓದ್ ಸುಗ್ಗೀಲಿ ತೀರ್ಕೊಂಡ್ರು. ಎಸ್ರು ಒಡ್ದಾಕ್ಕೋ."

ಹೆಸರಿನ ಮೇಲೆ ಗೀಟು ಎಳೆಯುವ ಕೆಲಸ ನನ್ನದು, ಪೆನ್ನು ಏಳಲಿಲ್ಲ. ರೈಲಿನ ವಿಷಯ ಹೇಳಿದೆ.

"ಓ, ಲಾಯರಮ್ಮ ನೀನೇನಾ?" ಎಂದು ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ ನಕ್ಕರು. "ಬಾ, ಕುಂತ್ಕೋ. ಆಲು ಕರ್ಯೋ ಒತ್ತಾಯ್ತು, ಬಂದ್ಬಿಟ್ಟೆ" ಎಂದು ಕೊಟ್ಟಿಗೆಯ ಕಡೆ ಹೋದರು. ನಾನು ಹಿಂದೆಯೇ ಹೋದೆ.

ಕೊಟ್ಟಿಗೆಯ ಬಾಗಿಲಿಗೆ ಮರದ ಅಗುಳಿ. ಮುನಿಯಮ್ಮ ಅದನ್ನು ಹೆಬ್ಬೆರಳಿನಿಂದ ಒಳಕ್ಕೆ ಒತ್ತಿ, ಅರ್ಧ ಸುತ್ತು ತಿರುಗಿಸಿ, ಎಳೆದರು. ಬಂತು.

"ಇನ್ನೊಂದು ಸಲ ಮಾಡಿ" ಎಂದೆ.

"ಇದೇನ್ ಮಾಡೋದು, ಅಗುಳಿ ಕಣಮ್ಮ! ದನ ಇರೋ ಮನೇಲೆಲ್ಲ ಇಂಗೇ ಇರ್ತದೆ. ಅಂಗೇ ಎಳುದ್ರೆ ಬರಂಗಿದ್ರೆ ಅಸು ನಾಲ್ಗೇಲಿ ನೆಕ್ಕಿ ತೆಗ್ದುಬಿಡ್ತದೆ. ಅಸು ಎಳೀತದೆ, ಒತ್ತಕ್ಕೆ ಬರಲ್ಲ."

ಸೊಪ್ಪಿನ ಹೆಂಗಸು, ಹಾಲಿನವನು, ಕುರಿ ವ್ಯಾಪಾರದ ತಾತ. ಮೂವರ ಮನೆಯಲ್ಲೂ ಕೊಟ್ಟಿಗೆ ಇದ್ದೀತು. ನಮ್ಮ ಬಂಗಾರಪೇಟೆ ಮನೆಯಲ್ಲಿ ಎಲ್ಲ ಬಾಗಿಲಿಗೂ ಕಬ್ಬಿಣದ ಬೋಲ್ಟು. ಪೆಟ್ಟಿಗೆಯ ಬಾಯಲ್ಲಿ ನಾನು ಗುಟ್ಟು ಎಂದು ಸಾರಿದ್ದು ಅರ್ಧ ತಾಲ್ಲೂಕು ದಿನಕ್ಕೆರಡು ಸಲ ತೆಗೆದು ಹಾಕುವ ಈ ಅಗುಳಿ. ನಾನು ವಾರವಿಡೀ ಎಳೆದಿದ್ದೆ.

"ಆ ಪೆಟ್ಟಿಗೆಗಳು ಏನಾದವು?" ಎಂದು ಕೇಳುವುದಕ್ಕೆ ಧೈರ್ಯ ಬೇಕಾಯಿತು.

"ಅಂಗ್ಡೀಲಿದ್ದ ಅತ್ತೂ ತಂದು, ಮೂತಿ ಕಿತ್ತು, ಮೊದ್ಲಿನಂಗೇ ಕೂರ್ಸಿದ್ರು. ಒಂಬತ್ತು ಅವ್ರಿಗಿವ್ರಿಗೆ ಕೊಟ್ರು. ಒಂದು ಆಲಿನ ಡೈರೀಲೈತೆ, ಕಿಟ್ಕಿಗೆ ಕಟ್ಟಾಕವ್ರೆ. ಉಳ್ದಿದ್ ಆರು ಲೆವೆಲ್ ಮಾಡಲ್ವಾ ಅಂದ್ರೆ, ಇದ್ನೇ ಜನ ಇನ್ನೂ ಬಿಟ್ಟಿಲ್ಲ, ಆತ್ರ ಏನು ಅಂತಿದ್ರು."

ಹಾಲಿನ ಪಾತ್ರೆ ಹಿಡಿದ ಅವರ ಜೊತೆ ಡೈರಿಗೆ ನಡೆದೆ. ಸಂಜೆಯ ಸಾಲು ಉದ್ದವಿತ್ತು. ಪೆಟ್ಟಿಗೆ ಸಾಲಿನ ಜೊತೆ ಕೈಯಿಂದ ಕೈಗೆ ಬರುತ್ತಿತ್ತು. ಹಗ್ಗವನ್ನು ಅದಕ್ಕೆಂದೇ ಉದ್ದ ಬಿಟ್ಟಿದ್ದರು. ಮೂಲೆಗಳು ಸವೆದು ಗುಂಡಗಾಗಿದ್ದವು, ಮರ ಎಣ್ಣೆ ಹಚ್ಚಿದಂತೆ ಕಪ್ಪಗಾಗಿ ಮಿರುಗುತ್ತಿತ್ತು. ಹಾಲಿಲ್ಲದ ಬರಿಗೈಯಲ್ಲಿ ನಾನೂ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಏಳು ಜನರನ್ನು ತುದಿಗೆ ತರಲು ತಡವಾಯಿತು, ನಾಲ್ಕಾರು ಜನ ನನ್ನನ್ನು ದಾಟಿ ಮುಂದೆ ಹೋದರು. ಆಮೇಲೆ ಬಾಯಿಯ ತುಂಡನ್ನು ಒತ್ತಿದೆ, ತಿರುಗಿಸಿದೆ, ಎಳೆದೆ. ಏಳೂ ನನ್ನ ಅಂಗೈಗೆ ಬಿದ್ದವು, ಬೆಚ್ಚಗೆ.

ಹಿಂದೆ ನಿಂತಿದ್ದ ಹೆಂಗಸು ಕ್ಯಾನನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಕೈ ಚಾಚಿದಳು.

"ಆಯ್ತಲ್ಲ ಮೇಡಂ, ಒಳಕ್ಕಾಕಿ ಕೊಡಿ ಈಚೆಗೆ. ನಮ್ ಸರದಿ."