ಅಬಲೂರಿನಲ್ಲಿ ಡಬಲ್ ಆಲ್ಬಮ್

ಇವತ್ತು ಬೆಳಿಗ್ಗೆ ಎದುರುಮನೆಯ ಗೇಟಿಗೆ ವೆಲ್ಡಿಂಗ್ ನಡೆದಿತ್ತು. ಆ ಸುಟ್ಟ ಕಬ್ಬಿಣದ ವಾಸನೆ ಸವಣೂರಿನ ನಮ್ಮ ಮನೆಯೊಳಗೆ ಬಂದದ್ದೇ ತಡ, ನೆನಪಿನಲ್ಲಿ ನಾನು ಅಬಲೂರಿನ ಒಂದು ಪಡಸಾಲೆಯಲ್ಲಿ ಕುಳಿತಿದ್ದೆ. ನೀವೂ ಬನ್ನಿ, ಕಂಬಳಿ ಹಾಸಿದ್ದಾರೆ, ಜಾಗವಿದೆ. ಈ ಕಡೆ ನಾನು, ನನ್ನ ತಂಗಿ, ಅವಳ ಮಗ ಪ್ರಕಾಶ. ಆ ಕಡೆ ಹುಡುಗಿ ಸಾವಿತ್ರಿ, ಅವಳ ಅಪ್ಪ, ಕಂಬಕ್ಕೆ ಒರಗಿದ ಅಜ್ಜಿ. ಕನ್ಯಾ ನೋಡಲು ಹೋಗಿದ್ದೆವು. ಮೊದಲೇ ಎರಡು ಸಂಬಂಧ ಮುರಿದಿದ್ದವು. ಇದಾದರೂ ಕೂಡಿಬರಲೆಂದು ತಂಗಿ ದಾರಿಯುದ್ದಕ್ಕೂ ಸೆರಗಿನ ತುದಿ ತಿರುವುತ್ತ ಬಂದಿದ್ದಳು.

"ಅಣ್ಣಾ, ಅಲ್ಲಿ ನೀ ಭಾಳ ಮಾತಾಡಬ್ಯಾಡ."

ಬಾಯಿ ಮುಚ್ಚಿಕೊಂಡು ಅವಲಕ್ಕಿ ತಿನ್ನುವ ಯೋಗ ನನ್ನ ಜಾತಕದಲ್ಲಿಲ್ಲ. ತಂದೆ ತೀರಿಕೊಂಡ ಮೇಲೆ ಶಿಗ್ಗಾಂವಿಯಲ್ಲಿ ಟ್ರ್ಯಾಕ್ಟರ್ ಟ್ರ್ಯಾಲಿ ಮಾಡುವ ಶೆಡ್ಡನ್ನು ಪ್ರಕಾಶನೇ ನಡೆಸುತ್ತಾನೆ ಎಂದು ಹೇಳಿ ಸುಮ್ಮನಾಗಬಹುದಿತ್ತು, ಆಗಲಿಲ್ಲ.

"ಬರೇ ಟ್ರ್ಯಾಲಿ ಅಲ್ರಿ, ನಮ್ಮ ಹುಡುಗ ಡಬಲ್ ಆಲ್ಬಮ್ ಮಾಡ್ಯಾನ್ರಿ!"

ನಮ್ಮ ಕಡೆ ಆಲ್ಬಮ್ ಅಂದರೆ ಗೊತ್ತಲ್ಲ, ಲಗ್ನದ ಫೋಟೋಗಳದು. ಹೊಸದಾಗಿ ಲಗ್ನವಾದ ಮನೆಗೆ ಹೋದರೆ ಚಹಾಕ್ಕಿಂತ ಮೊದಲು ತೊಡೆಯ ಮೇಲೆ ಬಂದು ಕೂರುವ, ಏಳಲು ಬಿಡದ ಆ ಭಾರದ ಪುಸ್ತಕ.

"ಡಬಲ್?" ಅಜ್ಜಿ ಕಂಬ ಬಿಟ್ಟು ನೆಟ್ಟಗೆ ಕೂತಳು. "ಹಂಗಾರ ಮದ್ಲಿಂದು ಯಾರ ಜೋಡಿರಿ? ಆಕಿ ಈಗ ಎಲ್ಲಿ ಅದಾಳ?"

ತಂಗಿ ನನ್ನನ್ನು ನೋಡಿದ ನೋಟಕ್ಕೆ ಅವಲಕ್ಕಿ ತಟ್ಟೆ ಕೆಳಗಿಟ್ಟೆ.

"ಹಾಡಿನ ಆಲ್ಬಮ್ ರೀ ಅಜ್ಜಿ," ಎಂದ ಪ್ರಕಾಶ, ಕಿವಿ ಕೆಂಪಾಗಿ. "ಇಂಡಸ್ಟ್ರಿಯಲ್ ರಾಕ್ ಅಂತಾರ. ನಮ್ಮ ಶೆಡ್ಡಿನ ಸಪ್ಪಳನ ಅದಕ್ಕ ತಾಳ."

"ಹಾಡೇನು? ಹಚ್ಚಪಾ ಹಂಗಾರ, ಕೇಳೂಣು."

ಅವನು ಮೊಬೈಲಿಗೆ ಸಣ್ಣ ಸ್ಪೀಕರ್ ಕೂಡಿಸಿದ. ಹಾಡು ಶುರುವಾಯಿತು ಎನ್ನಲಾರೆ, ಬಿತ್ತು. ಕಬ್ಬಿಣ ಕೊಯ್ಯುವ ಮಷಿನ್ ಚೀರಿತು, ತಗಡಿನ ಮೇಲೆ ಸುತ್ತಿಗೆ ಬಡಿಯಿತು, ನಡುವೆ ಗಿಟಾರು, ಎಲ್ಲದರ ಮೇಲೆ ನಮ್ಮ ಮೆತ್ತನೆಯ ಪ್ರಕಾಶನ ಆರ್ಭಟ. ಅಂಗಳದ ಕೋಳಿಗಳು ದಿಕ್ಕಾಪಾಲಾದವು. ಹುಡುಗಿಯ ಅಪ್ಪನ ಚಮಚ ಬಾಯಿಯ ಹತ್ತಿರ ಹಾಗೇ ನಿಂತುಬಿಟ್ಟಿತು.

"ಯವ್ವಾ, ಈ ಹುಡುಗಗ ಗಾಳಿ ಬಡದೈತಿ! ಲಿಂಬಿಹಣ್ಣು ತರ್ರಿ!" ಎಂದಳು ಅಜ್ಜಿ.

ಮುಗಿಯಿತು, ಇದು ಮೂರನೆಯದು ಎಂದುಕೊಂಡೆ. ಅಷ್ಟರಲ್ಲಿ ಆ ಗದ್ದಲದೊಳಗಿಂದ ಒಂದು ದನಿ ಬಂತು: "ಸರೀರಿ ಅತ್ತಾಗ."

ಅದು ತಂಗಿಯ ಗಂಡನ ದನಿ. ವೆಲ್ಡಿಂಗಿನ ಕಿಡಿ ಹಾರಿಸುವ ಮುಂಚೆ, ಪಕ್ಕಕ್ಕೆ ಸರಿಯಿರಿ ಎಂದು ಅವರು ಎಲ್ಲರಿಗೂ ಹಾಗೆ ಹೇಳುತ್ತಿದ್ದರು. ಶೆಡ್ಡಿಗೆ ನುಗ್ಗಿದ ಆಡಿಗೂ ಒಂದು 'ರೀ' ಹಚ್ಚುತ್ತಿದ್ದರು. ತಂಗಿ ಗಕ್ಕನೆ ಬಾಗಿಲ ಕಡೆ ತಿರುಗಿದಳು, ತಲೆಯ ಮೇಲೆ ಸೆರಗು ಎಳೆದುಕೊಂಡಳು.

ಸಾವಿತ್ರಿ ಅದನ್ನು ನೋಡಿದಳು. "ಅದ್ಯಾರ ದನಿರಿ?"

"ನಮ್ಮಪ್ಪಂದ್ರಿ. ಅದಕ್ಕ ಡಬಲ್. ಒಂದು ಭಾಗ ಅಪ್ಪ ಇದ್ದಾಗ ಶೆಡ್ಡಿನ್ಯಾಗ ರೆಕಾರ್ಡ್ ಮಾಡಿದ್ದು, ಇನ್ನೊಂದು ಇಲ್ಲದಾಗಿಂದು."

ತಾಯಿಗೂ ಅವನು ಇದನ್ನು ಹೇಳಿರಲಿಲ್ಲ. ಅಜ್ಜಿಯೇ ಸ್ಪೀಕರಿನ ಹತ್ತಿರ ಸರಿದು ಎಂದಳು, "ಇನ್ನೊಮ್ಮಿ ಹಚ್ಚಪಾ. ಸಣ್ಣಗ ಹಚ್ಚು."

ಎದುರುಮನೆಯ ವೆಲ್ಡಿಂಗ್ ಸದ್ದಿಗೆ ಮೊದಲಾಗಿದ್ದರೆ ಕಿಟಕಿ ಮುಚ್ಚುತ್ತಿದ್ದೆ. ಇವತ್ತು ಮುಚ್ಚಲಿಲ್ಲ.

ಮೊನ್ನೆ ಶಿಗ್ಗಾಂವಿಗೆ ಹೋಗಿದ್ದೆ. ಅಡುಗೆಮನೆಯಲ್ಲಿ ಸೊಸೆ ಸಾವಿತ್ರಿ ಆ ಹಾಡು ಹಚ್ಚಿಕೊಂಡು ಅದರ ತಾಳಕ್ಕೇ ರೊಟ್ಟಿ ಬಡಿಯುತ್ತಿದ್ದಳು. "ಸರೀರಿ ಅತ್ತಾಗ" ಎಂಬ ದನಿ ಬಂತು. ನನ್ನ ತಂಗಿ ರೊಟ್ಟಿ ಬುಟ್ಟಿ ಎತ್ತಿಕೊಂಡು ಪಕ್ಕಕ್ಕೆ ಸರಿದಳು.