ಮುತ್ತಾತನ ಬೆನ್ನು

ಮೊದಲೇ ಹೇಳಿಬಿಡುತ್ತೇನೆ: ನಮ್ಮ ಮುತ್ತಾತ ಸಿದ್ದಯ್ಯನನ್ನು ದಂಡನಾಯಕ ಮಾಡಿದವನು ನಾನೇ. ಅರಮನೆಯವರು ಮಾಡಿರಲಿಲ್ಲ. ಅವರು ಅವನ ಕೈಗೆ ಕೊಟ್ಟಿದ್ದು ಕತ್ತಿಯಲ್ಲ, ದೀವಟಿಗೆ.

ಇವತ್ತು ಸಂಜೆ ವಿದ್ಯಾರಣ್ಯಪುರದಲ್ಲಿ ಕರೆಂಟು ಹೋಯಿತು. ಅಜ್ಜಿ ಹಳೇ ಸೀರೆಯ ಚಿಂದಿಯೊಂದನ್ನು ಹೊಂಗೆ ಎಣ್ಣೆಯಲ್ಲಿ ಅದ್ದಿ ಹಚ್ಚಿದಳು. ಆ ಕಮಟು ಹೊಗೆ ಮೂಗಿಗೆ ಬಡಿದದ್ದೇ ತಡ, ನನ್ನ ಕಾದಂಬರಿಯ ಮೊದಲನೇ ಸಾವು ನೆನಪಾಯಿತು. ನಿಮಗೆ ನಗು ಬಂದರೆ ನಗಿ. ಊರಿನವರನ್ನೆಲ್ಲ ಆಡಿಕೊಂಡು ನಕ್ಕವನು ನಾನು, ಈಗ ನಿಮ್ಮ ಸರದಿ.

ಆಗ ಕಾಲೇಜಿನಲ್ಲಿದ್ದೆ. ಓದಿಗಿಂತ ಅಣಕವೇ ನನ್ನ ಕಸುಬು. ಇತಿಹಾಸದ ಮೇಷ್ಟ್ರು ನಶ್ಯ ಏರಿಸಿ, ಸೀನು ಬರುವಷ್ಟರಲ್ಲಿ ಒಂದು ಸಾಮ್ರಾಜ್ಯ ಮುಗಿಸುವುದು, ಮೇಟಗಳ್ಳಿಯ ಕಾರ್ಖಾನೆಯಿಂದ ಬಂದ ಅಪ್ಪ ಸೈಕಲ್ಲಿಗೆ ಸ್ಟ್ಯಾಂಡು ಹಾಕುತ್ತಲೇ ಸೂಪರ್‌ವೈಸರನ್ನು ಬೈಯುವುದು, ಎಲ್ಲವೂ ನನ್ನ ಗಂಟಲಲ್ಲಿತ್ತು. ಇಲ್ಲದ್ದು ನನ್ನ ದನಿ ಒಂದೇ.

ಎಲೆ ಅಡಿಕೆ ಕುಟ್ಟುತ್ತಾ ಅಜ್ಜಿ ಹೇಳುತ್ತಿದ್ದುದು ಒಂದೇ ಕಥೆ. ಅವಳ ಮಾವ, ಅಂದರೆ ನನ್ನ ಮುತ್ತಾತ, ದಸರಾ ಮೆರವಣಿಗೆಯಲ್ಲಿ ದೊರೆ ಕೂತ ಅಂಬಾರಿ ಆನೆಯ ಮುಂದೆಯೇ ದೀವಟಿಗೆ ಹಿಡಿದು ಅರಮನೆಯಿಂದ ಬನ್ನಿಮಂಟಪದವರೆಗೆ ನಡೆಯುತ್ತಿದ್ದ. ಹಿಂದೆ ತಿರುಗುವ ಹಾಗಿರಲಿಲ್ಲ. ತಿರುಗಿದರೆ ಉರಿ ಆನೆಯ ಕಣ್ಣಿಗೆ ಹೊಡೆಯುತ್ತದೆ. ಹೀಗಾಗಿ ಊರಿಗೆ ಊರೇ ಬಾಯಿಬಿಟ್ಟು ನೋಡಿದ ಅಂಬಾರಿಯನ್ನು, ಅದರ ಮುಂದೆಯೇ ಆಯಸ್ಸು ಸವೆಸಿದ ಮನುಷ್ಯ ಒಮ್ಮೆಯೂ ನೋಡಲಿಲ್ಲ.

ಇಂಥ ಕಥೆ ಕೈಯಲ್ಲಿಟ್ಟುಕೊಂಡು ಏನು ಮಾಡಿದೆ ಗೊತ್ತೆ? ದೀಪ ಹಿಡಿಯುವವನ ಮೇಲೆ ಐತಿಹಾಸಿಕ ಕಾದಂಬರಿ ನಿಲ್ಲುತ್ತದೆಯೇ ಎಂದು ದೀವಟಿಗೆ ಕಿತ್ತುಕೊಂಡು ಕತ್ತಿ, ಕಿರೀಟ ಕೊಟ್ಟೆ. ಬಾಯಿಗೆ ಕಂಪನಿ ನಾಟಕದ ರಾಜಪಾರ್ಟಿನ ದನಿ ತುಂಬಿದೆ. ಬರೆದದ್ದನ್ನು ಅಜ್ಜಿಯ ಮುಂದೆ ಮೈಕೈ ಕುಣಿಸುತ್ತಾ ಓದಿದೆ. ಸಿದ್ದಯ್ಯ ಶತ್ರುವಿಗೆ ‘ಎಲೈ’ ಎಂದದ್ದೇ, ಕುಟ್ಟುವ ಸದ್ದು ನಿಂತಿತು.

ಅವಳು ಬೈಯಲಿಲ್ಲ. ಸೊಸೆಯಾದವಳು ಮಾವನ ಹೆಸರು ಹೇಳಬಾರದೆಂದು ಅಷ್ಟು ವರ್ಷವೂ ‘ಮಾವಯ್ಯ’ ಎಂದೇ ಅಂದವಳು. “ಆ ಹೆಸರು ನನ್ ಬಾಯಲ್ಲೇ ಬರಾಕಿಲ್ಲ ಕಣೋ. ನಿನ್ ಪುಸ್ತಕದಲ್ಲೂ ಬರಬಾರ್ದು. ಈ ಕಿರೀಟದೋನು ಯಾರೋ, ನಮ್ಮನೆಯೋರಲ್ಲ,” ಅಂದಳು.

ಬೇರೆ ಹೆಸರಿಟ್ಟು ಬರೆಯಬಹುದಿತ್ತು. ಆದರೆ ನಮ್ಮ ವಂಶದಲ್ಲಿ ಯಾರ ಹೆಸರೂ ಇದುವರೆಗೆ ಅಚ್ಚಾಗಿರಲಿಲ್ಲ. ಆಗುವುದಾದರೆ ಮೊದಲು ಅವನದೇ ಆಗಬೇಕು, ಅದೂ ಅಜ್ಜಿ ಒಪ್ಪಿಯೇ ಆಗಬೇಕು ಎಂದು ನನಗೆ ಹಟ. ದಂಡನಾಯಕನನ್ನು ಹಂಡೆಯ ಒಲೆಗೆ ಹಾಕಿದೆ. ಅವತ್ತು ನೀರು ಚೆನ್ನಾಗಿ ಕಾದಿದೆ ಎಂದು ಅಪ್ಪ ಮೆಚ್ಚಿಕೊಂಡ. ಮತ್ತೆ ಬರೆದೆ. ಈ ಸಲ ಮುತ್ತಾತ ಇತಿಹಾಸದ ಮೇಷ್ಟ್ರ ಹಾಗೆ ಮಾತಾಡಿದ, ಸೀನಲಿಲ್ಲ ಅಷ್ಟೆ. ಅದೂ ಒಲೆಗೆ ಹೋಯಿತು. ಕಾಲೇಜು ಮುಗಿಯಿತು, ಗುಮಾಸ್ತೆ ಕೆಲಸ ಸಿಕ್ಕಿತು. ಬೆಳಿಗ್ಗೆ ಹಾಲಿನವನು ಬರುವ ಮುಂಚೆ ಎದ್ದು ಬರೆಯುವುದನ್ನು ಮಾತ್ರ ಬಿಡಲಿಲ್ಲ. ಕೊನೆಗೊಂದು ದಿನ ಎರವಲು ದನಿಗಳನ್ನೆಲ್ಲ ಆಚೆ ಕಳಿಸಿ, ಅಜ್ಜಿ ಹೇಳಿದ್ದನ್ನು ಹೇಳಿದ ಹಾಗೇ ಬರೆದೆ: ಭುಜದ ಮೇಲೆ ತೊಟ್ಟಿಕ್ಕಿದ ಬಿಸಿ ಎಣ್ಣೆ, ಸುಟ್ಟ ಗಾಯಕ್ಕೆ ಸೊಸೆ ಹಚ್ಚಿದ ಬೆಣ್ಣೆ, ಮರುದಿನ ಕೈ ಮೇಲೆತ್ತಲಾರದೆ ಎಡಗೈಯಲ್ಲಿ ಮುದ್ದೆ ಮುರಿದ ಮುದುಕ.

ಅದನ್ನೇ ಇವತ್ತು ಆ ಚಿಂದಿಯ ಬೆಳಕಿನಲ್ಲಿ ಓದಿದೆ. ಕುಟ್ಟುವ ಸದ್ದು ನಿಲ್ಲಲಿಲ್ಲ. ನಾನು ಪುಟ ತಿರುವುತ್ತಾ ಹೋದೆ. ಕೊನೆಯ ಪುಟದಲ್ಲಿ ಮಾತ್ರ ನನ್ನದೊಂದು ಸಾಲು ಸೇರಿಸಿದ್ದೆ. ತನ್ನ ಕಡೆಯ ದಸರೆಯಲ್ಲಿ ಮುತ್ತಾತ ಒಂದೇ ಒಂದು ಸಲ ತಿರುಗಿ ಅಂಬಾರಿ ನೋಡುತ್ತಾನೆ.

ಸದ್ದು ನಿಂತಿತು.

“ಪಾಪ, ಒಂದ್ಸಲನಾದ್ರೂ ನೋಡ್ಲಿ ಬಿಡಜ್ಜಿ,” ಅಂದೆ. ಯಾರ ಅಣಕವೂ ಅಲ್ಲದ ದನಿಯಲ್ಲಿ.

“ಆ ಸಾಲು ಹೊಡೆದಾಕ್ಬುಟ್ಟು ಹೆಸರು ಇಟ್ಕೋ,” ಅಂದಳು ಅಜ್ಜಿ. “ಪಾಪ ಅಂತೆ, ಪಾಪ. ಮಾವಯ್ಯ ದೊರೇನ ನೋಡ್ದೆ ಇದ್ರೆ ಏನಾಯ್ತು? ದೊರೆ ಮಾವಯ್ಯನ ಬೆನ್ನು ನೋಡ್ಕೊಂಡೇ ಬನ್ನಿಮಂಟಪ ಮುಟ್ತಿದ್ರು ಕಣೋ.”