ಸಿಡಿಲು ಕರೆಯುವ ಹುಡುಗಿ

ನಾಲ್ಕನೇ ಇಯತ್ತೆವರೆಗೆ ಓದಿದವಳು ನಾನು, ತಪ್ಪುಗಳಿದ್ದರೆ ಕ್ಷಮಿಸಿ. ಇದನ್ನು ಮೊಬೈಲಿನಲ್ಲಿ ಒತ್ತಿ ಬರೆಯುತ್ತಿದ್ದೇನೆ; ಕೈಯಿಂದ ಬರೆದಿದ್ದರೆ ನಿಮಗೆ ಓದಲೂ ಆಗುತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ನಾವು ಈಗಿರುವ ಶಹರದ ಸ್ವಾರಗೇಟ ಕಡೆ ಗುಡುಗಿತು. ಒದ್ದೆ ಮಣ್ಣಿನ ವಾಸನೆಗೆ, ನಾನು ಸಣ್ಣವಳಿದ್ದಾಗ ಅವ್ವ ಕೂಲಿಗೆ ಹೋಗುತ್ತಿದ್ದ ಇಂದಾಪುರದ ಕಬ್ಬಿನ ಹೊಲ ನೆನಪಾಯಿತು. ನಾನು ಕಾಲು ಮುಂದಾಗಿ ಹುಟ್ಟಿದವಳು. ಅಂಥವರ ಮೇಲೆ ಸಿಡಿಲು ಬೀಳುತ್ತದೆಂದು ಅಲ್ಲಿ ಎಲ್ಲರೂ ನಂಬಿದ್ದರು.

ಒಂದು ಮಧ್ಯಾಹ್ನ ಮಿಂಚತೊಡಗಿದಾಗ ಕಬ್ಬಿನ ಸಾಲಿನ ಕಸ ಕೀಳುತ್ತಿದ್ದ ಹೆಂಗಸರೆಲ್ಲ ಪಂಪಿನ ಮನೆಗೆ ಓಡಿದರು. ಬಾಗಿಲಲ್ಲಿ, ಅವ್ವನ ಜೊತೆ ಕೂಲಿ ಮಾಡುತ್ತಿದ್ದ ಗಂಗವ್ವ ನನ್ನನ್ನು ತಡೆದಳು.

“ಇಕೀನ್ನ ಒಳಗ ತರಬ್ಯಾಡವಾ. ಇಕಿ ಸಲುವಾಗಿ ನಾವೆಲ್ಲಾ ಸುಟ್ಟು ಹೋಗೂಣೇನು?”

“ಸಣ್ಣ ಕೂಸದ ಯಕ್ಕಾ,” ಎಂದಳು ಅವ್ವ.

“ಸಿಡಿಲಿಗೇನ ಗೊತ್ತು ಸಣ್ಣದು ದೊಡ್ಡದು?”

ಅವ್ವ ನನ್ನ ಕೈ ಹಿಡಿದು ಹಿಂದಕ್ಕೆ ನಡೆದಳು. ಹೊಲದ ತಗ್ಗಿನಲ್ಲಿ ನನ್ನನ್ನು ಕೂರಿಸಿಕೊಂಡು, ಸೆರಗು ಹೊದಿಸಿ, ಸಿಡಿಲು ದೂರ ಹೋಗಲೆಂದು ಅರ್ಜುನನ ಹತ್ತು ಹೆಸರು ಹೇಳತೊಡಗಿದಳು. ಅವಳ ಎದೆಬಡಿತ ನನ್ನ ಬೆನ್ನಿಗೆ ತಾಗುತ್ತಿತ್ತು. ನನ್ನಿಂದ ಅವ್ವ ಸಾಯುತ್ತಾಳೆಂದು ನನಗೆ ಭಯ.

“ನೀ ಒಳಗ ಹೋಗವ್ವಾ,” ಎಂದೆ.

“ಸುಮ್ನ ಕೂಡ,” ಎಂದು ಇನ್ನೂ ಬಿಗಿಯಾಗಿ ತಬ್ಬಿಕೊಂಡಳು.

ಅಂದು ಸಿಡಿಲು ಬೀಳಲಿಲ್ಲ. ಆದರೆ ಆಮೇಲೂ ಗುಡುಗಿದಾಗಲೆಲ್ಲ ಜನ ನನ್ನಿಂದ ಸರಿದು ನಿಲ್ಲುತ್ತಿದ್ದರು.

ನನ್ನ ಮಗಳಿಗೆ ಈಗ ಎರಡು ತಿಂಗಳು. ಅವಳೂ ನನ್ನ ಹಾಗೆಯೇ ಹುಟ್ಟಿದಳು. ಬೆಳಿಗ್ಗೆ ಗುಡುಗಿದ ಕೂಡಲೇ ಪಕ್ಕದ ಮನೆಯ ಬೆಳಗಾವಿಯ ಅಕ್ಕ ಕೇಳಿದರು: “ಕೂಸಿಂದು ತಲಿ ಮುಂದ ಬಂದಿತ್ತೋ, ಕಾಲೋ?”

“ತಲೀನ ರೀ ಅಕ್ಕಾರ,” ಎಂದು ಹೇಳಿ, ಮಗಳ ಪಾದಗಳನ್ನು ಕೌದಿಯೊಳಗೆ ಸೇರಿಸಿದೆ.